ಡೆನಿಸ್ ಬರ್ಕಿಟ್: ಮ್ಯಾಪು, ಹಳೇ ಕಾರು, ನಾರು. ಪದೇ ಪದೇ ಕೇಳುವ ಪ್ರಶ್ನೆಗಳು

ನಾರಿನ ಅಂಶ ಜಾಸ್ತಿ ತಿನ್ನಿ ಅಂತ ಡಾಕ್ಟರು ಹೇಳುತ್ತಾರೆ, ಟಿವಿ ಹೇಳುತ್ತದೆ, ಈಗ ಬಿಸ್ಕತ್ತಿನ ಪೊಟ್ಟಣವೂ ಹೇಳುತ್ತದೆ. ಈ ಮಾತನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಮುಖ್ಯವಾದವರು ಒಬ್ಬ ಸರ್ಜನ್. ಅವರಿಗೆ ಇದ್ದದ್ದು ಒಂದೇ ಕಣ್ಣು. ಆಹಾರತಜ್ಞರೂ ಅಲ್ಲ, ಅಂಕಿಅಂಶದ ಪಂಡಿತರೂ ಅಲ್ಲ. ಅವರ ಬಗ್ಗೆ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಯಾರು ಈ ಬರ್ಕಿಟ್?

ಡೆನಿಸ್ ಪಾರ್ಸನ್ಸ್ ಬರ್ಕಿಟ್. ಐರ್ಲೆಂಡಿನ ಎನಿಸ್ಕಿಲೆನ್ ಎಂಬ ಊರಿನವರು. 1911ರ ಫೆಬ್ರವರಿ 28ರಂದು ಹುಟ್ಟಿದರು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ್ದು ಎಂಜಿನಿಯರಿಂಗ್ ಓದೋಕೆ. ನಡುವೆ ಮನಸ್ಸು ಬದಲಾಯಿತು, ವೈದ್ಯಕೀಯಕ್ಕೆ ಹೋದರು, 1935ರಲ್ಲಿ ಡಾಕ್ಟರಾಗಿ ಹೊರಬಂದರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ಪೂರ್ವ ಆಫ್ರಿಕಾ, ಸಿಲೋನ್ ಸುತ್ತಿದರು. 1946ರಲ್ಲಿ ಉಗಾಂಡಾಕ್ಕೆ ಹೋದವರು ಸುಮಾರು 20 ವರ್ಷ ಅಲ್ಲೇ ಇದ್ದರು. 1966ರಲ್ಲಿ ಇಂಗ್ಲೆಂಡಿಗೆ ಬಂದರು. 1993ರಲ್ಲಿ ತೀರಿಕೊಂಡರು.

ಇಷ್ಟು ಓದಿದರೆ ಯಾವುದೋ ವಸಾಹತು ಕಾಲದ ಸರ್ಕಾರಿ ಡಾಕ್ಟರ ಸೇವಾ ಪುಸ್ತಕದ ಹಾಗಿದೆ ಅಲ್ವಾ? ಆದರೆ ಒಂದೇ ಜೀವನದಲ್ಲಿ ಎರಡು ದೊಡ್ಡ ಕೆಲಸ ನಡೆದವು. ಮೊದಲನೆಯದು, ಮಕ್ಕಳ ಒಂದು ಕ್ಯಾನ್ಸರನ್ನು ಗುರುತಿಸಿ ಆಫ್ರಿಕಾದ ಮ್ಯಾಪಿನ ಮೇಲೆ ಕೂರಿಸಿದ್ದು. ಎರಡನೆಯದು, ನಮ್ಮ ತಟ್ಟೆಯಲ್ಲಿ ಇಲ್ಲದ ವಸ್ತುವಿಗೂ ದೊಡ್ಡ ಕರುಳಿನ ಕ್ಯಾನ್ಸರ್‌ಗೂ ನಂಟು ಹುಡುಕಿದ್ದು. ಎರಡಕ್ಕೂ ಅವರು ಹಿಡಿದ ದಾರಿ ಒಂದೇ. ಕಾಯಿಲೆ ಎಲ್ಲಿದೆ ಅಂತ ಎಲ್ಲರೂ ನೋಡುತ್ತಾರೆ. ಇವರು ಎಲ್ಲಿ ಇಲ್ಲ ಅಂತ ನೋಡಿದರು.

ಒಂದೇ ಕಣ್ಣಿನಲ್ಲಿ ಆಪರೇಷನ್ ಮಾಡುತ್ತಿದ್ದರಾ?

ಹೌದು. 11ನೇ ವಯಸ್ಸಿನಲ್ಲಿ ಹುಡುಗರು ಕಲ್ಲು ತೂರಾಡುವಾಗ ಕನ್ನಡಕ ಒಡೆದು ಬಲಗಣ್ಣು ಹೋಯಿತು. ವಸಾಹತು ವೈದ್ಯ ಸೇವೆಗೆ ಮೊದಲ ಸಲ ಹಾಕಿದ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬಂತು. ಯುದ್ಧದ ನಂತರ ತೆಗೆದುಕೊಂಡರು.

ಈ ಮ್ಯಾಪಿನ ಹುಚ್ಚು ಎಲ್ಲಿಂದ ಬಂತು?

ಮನೆಯಿಂದಲೇ ಬಂತು ಅಂತ ನನ್ನ ಅಂದಾಜು. ಅವರ ಅಪ್ಪ ಜೇಮ್ಸ್ ಬರ್ಕಿಟ್ ಫರ್ಮಾನಾ ಕೌಂಟಿಯ ಸರ್ವೇಯರ್. ರಸ್ತೆ, ಸೇತುವೆ ಅವರ ಕೆಲಸ. ಬಿಡುವಿನಲ್ಲಿ ರಾಬಿನ್ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ, ಯಾವ ಹಕ್ಕಿಯ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ತೋಟದ ನಕ್ಷೆ ಬರೆಯುತ್ತಿದ್ದರು. ಅವರಿಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಬಣ್ಣದ ಬಳೆ ಬಿಟ್ಟು ಬೇರೆ ಬೇರೆ ಆಕಾರದ ಬಳೆ ಹಾಕುತ್ತಿದ್ದರು. 1920ರ ದಶಕದಲ್ಲಿ ಪ್ರಕಟವಾದ ಆ ಕೆಲಸಕ್ಕೆ ಪಕ್ಷಿಶಾಸ್ತ್ರದಲ್ಲಿ ಇವತ್ತಿಗೂ ಮರ್ಯಾದೆ ಇದೆ. ಅಪ್ಪ ಹಕ್ಕಿಯ ಗಡಿ ಬರೆದರು, ಮಗ ಕ್ಯಾನ್ಸರಿನ ಗಡಿ ಬರೆದ.

ಉಗಾಂಡಾದ ಲೀರಾ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಬರ್ಕಿಟ್‌ಗೆ ಮೊದಲು ಕಣ್ಣಿಗೆ ಬಿದ್ದದ್ದು ಹೈಡ್ರೋಸೀಲ್. ಅಂದರೆ ಗಂಡಸರ ಬೀಜದ ಸುತ್ತ ನೀರು ತುಂಬಿ ಊದಿಕೊಳ್ಳುವುದು. ಒಂದೇ ಜಿಲ್ಲೆ. ಒಂದು ಕಡೆಯಿಂದ ಸಾಲುಸಾಲು ರೋಗಿಗಳು. ಇನ್ನೊಂದು ಕಡೆಯಿಂದ ಹೆಚ್ಚುಕಡಿಮೆ ಯಾರೂ ಇಲ್ಲ. ಹಿಂದೆ ಸೊಳ್ಳೆ ಹರಡುವ ಫೈಲೇರಿಯಾ ಹುಳು ಇತ್ತು. ನಾವು ಆನೆಕಾಲು ರೋಗ ಅನ್ನುತ್ತೇವಲ್ಲ, ಅದೇ ಹುಳು. ಸರ್ಜನ್ ಕೊಯ್ದು ಹೊಲಿದು ಸುಮ್ನೆ ಇರಬಹುದಿತ್ತು. ಇವರು ರೋಗಿಗಳ ಊರಿನ ಹೆಸರು ಬರೆದಿಟ್ಟುಕೊಂಡರು.

1957ರಲ್ಲಿ ಏನಾಯಿತು?

ಆಗ ಅವರು ಕಂಪಾಲಾದ ಮುಲಾಗೋ ಆಸ್ಪತ್ರೆಯಲ್ಲಿದ್ದರು. ಹ್ಯೂ ಟ್ರೋವೆಲ್ ಎಂಬ ವೈದ್ಯರು ಒಂದು ಮಗುವನ್ನು ನೋಡಿ ಅಂತ ಕರೆದರು. ಹುಡುಗನ ಮೇಲಿನ ಕೆಳಗಿನ ದವಡೆ, ಎಡ ಬಲ, ನಾಲ್ಕೂ ಕಡೆ ಊತ. ಹಲ್ಲು ಅಲ್ಲಾಡುತ್ತಿತ್ತು. ಸೋಂಕು ಅಂದರೆ ನಾಲ್ಕು ಕಡೆ ಒಟ್ಟಿಗೆ ಯಾಕೆ? ಗಡ್ಡೆ ಅಂದರೂ ಅದೇ ಪ್ರಶ್ನೆ. ಉತ್ತರ ಸಿಗಲಿಲ್ಲ.

ಕೆಲವು ವಾರದ ಮೇಲೆ ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಕಿಟಕಿಯಾಚೆ ನೋಡಿದರೆ, ತಾಯಿಯ ಜೊತೆ ಇನ್ನೊಂದು ಮಗು. ಅದೇ ಮುಖ. ಒಂದಾದರೆ ಅಪರೂಪ, ಎರಡಾದರೆ ಅಲ್ಲಿ ಏನೋ ಇದೆ ಅಂತ. ವಾಪಸ್ ಬಂದು ಆಸ್ಪತ್ರೆಯ ಹಳೇ ದಾಖಲೆ ಎಲ್ಲ ಕೆದಕಿದರು. ದವಡೆಯ ಗಡ್ಡೆ ಇರುವ ಮಕ್ಕಳಿಗೆ ಹೊಟ್ಟೆಯಲ್ಲೂ ಗಡ್ಡೆ ಇರುತ್ತಿತ್ತು. ದವಡೆಯದನ್ನು ಒಬ್ಬರು, ಮೂತ್ರಪಿಂಡದ್ದನ್ನು ಇನ್ನೊಬ್ಬರು, ಅಂಡಾಶಯದ್ದನ್ನು ಮತ್ತೊಬ್ಬರು ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟಿದ್ದರು. ಎಲ್ಲವೂ ಒಂದೇ ಕಾಯಿಲೆ ಎಂಬುದು ಇವರಿಗೆ ಹೊಳೆದ ಸಂಗತಿ. 1958ರಲ್ಲಿ ಮೊದಲ ಲೇಖನ ಬಂತು. ಹೆಚ್ಚಿನವರು ಗಮನಿಸಲೇ ಇಲ್ಲ. ಅದು ಲಿಂಫೋಮಾ, ಅಂದರೆ ಬಿಳಿ ರಕ್ತಕಣದಿಂದ ಬರುವ ಕ್ಯಾನ್ಸರ್ ಎಂದು ಕಂಪಾಲಾದ ರೋಗಶಾಸ್ತ್ರಜ್ಞರು ಆಮೇಲೆ ಖಚಿತ ಮಾಡಿದರು. ಈಗ ಅದರ ಹೆಸರೇ ಬರ್ಕಿಟ್ ಲಿಂಫೋಮಾ.

ಆ ಹಳೇ ಕಾರಿನ ಕಥೆ ನಿಜವಾ?

ನಿಜ. ಮೊದಲು ಚಿತ್ರವಿರುವ ಕರಪತ್ರ ಅಚ್ಚು ಹಾಕಿಸಿ ಆಫ್ರಿಕಾದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು. ಇಂಥ ಮಗು ನಿಮ್ಮಲ್ಲಿ ಬಂದಿದೆಯಾ, ಇಷ್ಟೇ ಪ್ರಶ್ನೆ. ಉತ್ತರ ಬಂದ ಹಾಗೆ ಗೋಡೆಯ ಮ್ಯಾಪಿನಲ್ಲಿ ಗುರುತು ಮಾಡುತ್ತಾ ಹೋದರು. ಆಫ್ರಿಕಾದ ನಡುವೆ ಒಂದು ಪಟ್ಟಿ ಮೂಡಿತು. ಪಟ್ಟಿಯ ಅಂಚು ಎಲ್ಲಿ? ಅದನ್ನು ಅಂಚೆ ಹೇಳಲಿಲ್ಲ.

ಅದಕ್ಕೇ 1961ರ ಅಕ್ಟೋಬರಿನಲ್ಲಿ ಹೊರಟರು. 1954ರ ಮಾಡೆಲ್ ಫೋರ್ಡ್ ಸ್ಟೇಷನ್ ವ್ಯಾಗನ್, ಸೆಕೆಂಡ್ ಹ್ಯಾಂಡ್, ಬೆಲೆ 250 ಪೌಂಡ್. ಜೊತೆಗೆ ಮಿಷನ್ ಆಸ್ಪತ್ರೆಯ ಇಬ್ಬರು ಡಾಕ್ಟರು, ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್. ವಿಲಿಯಮ್ಸ್‌ಗೆ ಕಾರು ರಿಪೇರಿಯೂ ಬರುತ್ತಿತ್ತು. ಆ ರಸ್ತೆಗಳಿಗೆ ಅದು ಡಾಕ್ಟರಿಕೆಗಿಂತ ಮುಖ್ಯ. 10 ವಾರ, ಸುಮಾರು 10 ಸಾವಿರ ಮೈಲಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆ. ಪ್ರತಿ ಕಡೆ ಇಳಿಯೋದು, ಫೋಟೋ ಆಲ್ಬಮ್ ತೆಗೆಯೋದು, ಇಂಥದ್ದು ನೋಡಿದ್ದೀರಾ ಅಂತ ಕೇಳೋದು. ಕೆಲವು ಕಡೆ ಹೌದು, ಆಗಾಗ ಬರುತ್ತದೆ. ಕೆಲವು ಕಡೆ ಜೀವಮಾನದಲ್ಲೇ ನೋಡಿಲ್ಲ.

ಈ ‘ನೋಡಿಲ್ಲ’ ಎಂಬ ಉತ್ತರಕ್ಕೇ ಅವರು ಅಷ್ಟು ದೂರ ಹೋಗಿದ್ದು. ಪತ್ರದಲ್ಲಿ ‘ಇಲ್ಲ’ ಅಂತ ಬಂದರೆ, ನಿಜಕ್ಕೂ ಇಲ್ಲವೋ ಡಾಕ್ಟರಿಗೆ ಉತ್ತರ ಬರೆಯಲು ಪುರುಸೊತ್ತಿಲ್ಲವೋ ಹೇಗೆ ಗೊತ್ತಾಗಬೇಕು? ಎದುರು ಕೂತು ಫೋಟೋ ತೋರಿಸಿ ಕೇಳಿದಾಗ ಬರುವ ‘ಇಲ್ಲ’ದ ತೂಕ ಬೇರೆ.

ಗಡಿ ಯಾಕೆ ಹಾಗಿತ್ತು?

ಮೊದಲು ಕಂಡದ್ದು ಎತ್ತರ. ಭೂಮಧ್ಯರೇಖೆಯ ಹತ್ತಿರ 5000 ಅಡಿ ದಾಟಿದರೆ ಕಾಯಿಲೆ ಕಾಣೆ. ದಕ್ಷಿಣಕ್ಕೆ ಇಳಿದ ಹಾಗೆ ಈ ಎತ್ತರದ ಮಿತಿಯೂ ಇಳಿಯುತ್ತಿತ್ತು. ಅಂದರೆ ನಿಜವಾದ ಗಡಿ ಹಾಕುತ್ತಿದ್ದದ್ದು ಚಳಿ. ಮಳೆ ತೀರಾ ಕಡಿಮೆ ಇರುವ ಕಡೆಯೂ ಕಾಯಿಲೆ ಇಲ್ಲ. ಬೆಚ್ಚಗೆ ಇರಬೇಕು, ನೀರಿರಬೇಕು. ಇದು ಯಾರಿಗೆ ಬೇಕಾದ ಹವಾ? ಎಂಟೆಬ್ಬೆಯ ವೈರಸ್ ಸಂಶೋಧನಾ ಸಂಸ್ಥೆಯ ಅಲೆಕ್ಸಾಂಡರ್ ಹ್ಯಾಡೋ ಸೊಳ್ಳೆಯ ಜಾಡು ಹಿಡಿದು ದಿನ ಕಳೆದವರು. ಅವರಿಗೆ ಈ ಮ್ಯಾಪು ಪರಿಚಿತವಾಗಿ ಕಂಡಿತು.

ಸೊಳ್ಳೆಯೇ ಕ್ಯಾನ್ಸರ್ ಹರಡುತ್ತದೆ ಅಂತ ಮೊದಲು ಅಂದುಕೊಂಡರು. ಅದು ತಪ್ಪು. ಮಗುವಿಗೆ ಮೇಲಿಂದ ಮೇಲೆ ಮಲೇರಿಯಾ ಬಂದರೆ ದೇಹದ ರಕ್ಷಣಾ ವ್ಯವಸ್ಥೆ ಹದಗೆಡುತ್ತದೆ. ಕ್ಯಾನ್ಸರಿಗೆ ಅದು ದಾರಿ ಮಾಡಿಕೊಡುತ್ತದೆ. ದಾರಿಯಲ್ಲಿ ನಡೆಯುವುದು ಇನ್ನೊಬ್ಬರು, ಒಂದು ವೈರಸ್.

ಆ ವೈರಸನ್ನು ಬರ್ಕಿಟ್ ಕಂಡುಹಿಡಿದರಾ?

ಇಲ್ಲ. ಆದರೆ ಅವರಿಲ್ಲದೆ ಅದು ಆಗುತ್ತಿರಲಿಲ್ಲ. 1961ರ ಮಾರ್ಚ್ 22ರಂದು ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅವರ ಉಪನ್ಯಾಸವಿತ್ತು. ಕೇಳಲು ಬಂದವರಲ್ಲಿ ಆಂಟನಿ ಎಪ್‌ಸ್ಟೀನ್ ಒಬ್ಬರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ ಮೇಲೆ ಕೆಲಸ ಮಾಡುತ್ತಿದ್ದವರು. ಹವಾಮಾನಕ್ಕೆ ತಕ್ಕ ಹಾಗೆ ಕ್ಯಾನ್ಸರ್ ಇದೆ ಅಂದರೆ ಅದರಲ್ಲಿ ಯಾವುದೋ ಸೋಂಕು ಇರಲೇಬೇಕು ಅಂತ ಅವರಿಗೆ ಅಲ್ಲೇ ಹೊಳೆಯಿತು. ಕಂಪಾಲಾದಿಂದ ಗಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು.

ಎರಡು ವರ್ಷ ಏನೂ ಸಿಗಲಿಲ್ಲ. ಒಂದು ದಿನ ಲಂಡನ್ನಿನಲ್ಲಿ ಮಂಜು. ವಿಮಾನ ಮ್ಯಾಂಚೆಸ್ಟರಿಗೆ ತಿರುಗಿತು, ಮಾಲು ತಡವಾಗಿ ಬಂತು. ಸೀಸೆಯಲ್ಲಿದ್ದ ನೀರು ಕದಡಿ ಹೋಗಿತ್ತು. ಬ್ಯಾಕ್ಟೀರಿಯಾ ಬೆಳೆದು ಕೆಟ್ಟಿದೆ ಅಂತ ಎಸೆಯುವವರೇ ಜಾಸ್ತಿ. ಎಪ್‌ಸ್ಟೀನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕದಡಿದ್ದು ಗಡ್ಡೆಯಿಂದ ಬಿಡಿಬಿಡಿಯಾಗಿ ಉದುರಿ ತೇಲುತ್ತಿದ್ದ ಜೀವಂತ ಕ್ಯಾನ್ಸರ್ ಕಣಗಳಿಂದ. ಅವನ್ನು ಹಾಗೇ ತೇಲಿಸಿ ಬೆಳೆಸಿದಾಗ 1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ವೈರಸ್ ಕಂಡಿತು. ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೊನ್ ಬಾರ್ ಮೂವರೂ ಸೇರಿ ಪ್ರಕಟಿಸಿದರು. ಅದೇ ಎಪ್‌ಸ್ಟೀನ್-ಬಾರ್ ವೈರಸ್. ಮನುಷ್ಯರ ಕ್ಯಾನ್ಸರ್‌ಗೆ ನಂಟಿರುವ ಮೊದಲ ವೈರಸ್.

ಅದು ನನ್ನ ಮೈಯಲ್ಲೂ ಇರಬಹುದಾ?

ಬಹುಪಾಲು ಇದ್ದೇ ಇರುತ್ತದೆ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಇದೆ. ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಗಾಬರಿ ಬೇಡ.

ಮಕ್ಕಳ ಕ್ಯಾನ್ಸರ್ ನೋಡುತ್ತಿದ್ದವರು ಊಟದ ಕಡೆ ಹೇಗೆ ತಿರುಗಿದರು?

ಇಂಗ್ಲೆಂಡಿಗೆ ಮರಳಿದ ಮೇಲೆ, 1967ರಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್ ಅವರು ಬರ್ಕಿಟ್‌ಗೆ ಒಬ್ಬರ ಪರಿಚಯ ಮಾಡಿಸಿದರು. ಪೀಟರ್ ಕ್ಲೀವ್, ನೌಕಾಪಡೆಯ ನಿವೃತ್ತ ವೈದ್ಯ. ಮಲಬದ್ಧತೆ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಲ್ಲದರ ಬೇರು ಒಂದೇ, ಅದು ಸಕ್ಕರೆ ಮತ್ತು ಬಿಳಿ ಹಿಟ್ಟು ಅಂತ ಅವರ ವಾದ. ಯುದ್ಧದ ಕಾಲದಲ್ಲಿ ಕಿಂಗ್ ಜಾರ್ಜ್ 5 ಎಂಬ ಯುದ್ಧನೌಕೆಯಲ್ಲಿ ನಾವಿಕರಿಗೆ ಹೊಟ್ಟೆ ಕಟ್ಟಿಕೊಂಡಾಗ ಇವರು ಮೂಟೆಗಟ್ಟಲೆ ಗೋಧಿ ತೌಡು ತರಿಸಿ ತಿನ್ನಿಸಿದ್ದರು. ನಮ್ಮ ಕಡೆ ಹಸುವಿಗೆ ಹಾಕುವ ಬೂಸಾ ಇದೆಯಲ್ಲ, ಅದೇ! ಕನ್ನಡದಲ್ಲಿ ಬೂಸಾ ಅಂದರೆ ಬೈಗುಳ. ಬ್ರಿಟಿಷ್ ನೌಕಾಪಡೆಯಲ್ಲಿ ಔಷಧಿ.

ಡಾಕ್ಟರುಗಳು ಕ್ಲೀವ್‌ರನ್ನು ತಿಕ್ಕಲು ಅಂದುಕೊಂಡಿದ್ದರು. ಬರ್ಕಿಟ್‌ಗೆ ಹಾಗನ್ನಿಸಲಿಲ್ಲ. ಇಂಗ್ಲೆಂಡಿನ ವಾರ್ಡಿನಲ್ಲಿ ದಿನಾ ಕಾಣುವ ಕಾಯಿಲೆಗಳನ್ನು ಅವರು ಉಗಾಂಡಾದ ಹಳ್ಳಿಗರಲ್ಲಿ 20 ವರ್ಷದಲ್ಲಿ ನೋಡಿದ್ದೇ ಕಡಿಮೆ. ದೊಡ್ಡ ಕರುಳಿನ ಕ್ಯಾನ್ಸರ್, ಮೂಲವ್ಯಾಧಿ, ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು. ಮತ್ತೆ ಅದೇ ಪ್ರಶ್ನೆ: ಅಲ್ಲಿ ಯಾಕೆ ಇಲ್ಲ? ಮತ್ತೆ ಆಸ್ಪತ್ರೆಗಳಿಗೆ ಪತ್ರ ಶುರುವಾಯಿತು.

ಕ್ಲೀವ್ ಬೆರಳು ತೋರಿಸಿದ್ದು ಸಕ್ಕರೆಯತ್ತ, ಅಂದರೆ ಊಟಕ್ಕೆ ಸೇರಿಕೊಂಡದ್ದರತ್ತ. ಬರ್ಕಿಟ್ ನೋಡಿದ್ದು ಊಟದಿಂದ ತೆಗೆದು ಹಾಕಿದ್ದನ್ನು, ಅಂದರೆ ನಾರನ್ನು. ಉಗಾಂಡಾದ ಹಳೇ ಗೆಳೆಯ ಟ್ರೋವೆಲ್ ಕೂಡ ಇಲ್ಲಿ ಮತ್ತೆ ಜೊತೆಯಾದರು.

ನಾರಿನ ಕೆಲಸವನ್ನು ಅಳೆದದ್ದು ಹೇಗೆ?

ಸಂಕೋಚ ಬಿಟ್ಟು ಹೇಳಬೇಕು. ಮಲ ತೂಗಿದರು. ದಕ್ಷಿಣ ಆಫ್ರಿಕಾದ ಅಲೆಕ್ ವಾಕರ್, ಇಂಗ್ಲೆಂಡಿನ ಸರ್ಜನ್ ನೀಲ್ ಪೇಂಟರ್ ಜೊತೆ ಮಾಡಿದ ಕೆಲಸ. ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಪ್ಲಾಸ್ಟಿಕ್ ಗುಳಿಗೆಗಳನ್ನು ನುಂಗಿಸುವುದು. ಆಮೇಲೆ ಪ್ರತಿ ಸಲದ ಮಲವನ್ನೂ ಚೀಲದಲ್ಲಿ ಕಟ್ಟಿ ಎಕ್ಸ್‌ರೇ ತೆಗೆಯುವುದು. ನೂರಕ್ಕೆ ಎಂಬತ್ತು ಗುಳಿಗೆ ಹೊರಬರಲು ಎಷ್ಟು ಗಂಟೆ ಅಂತ ಲೆಕ್ಕ. 1972ರಲ್ಲಿ ಪ್ರಕಟವಾದ ಅಂಕಿ ನೋಡಿ. ಉಗಾಂಡಾದ ಹಳ್ಳಿಗರಿಗೆ ಸುಮಾರು 36 ಗಂಟೆ, ದಿನಕ್ಕೆ ಸುಮಾರು 470 ಗ್ರಾಂ. ಬ್ರಿಟಿಷ್ ನೌಕಾಪಡೆಯವರಿಗೆ 80 ಗಂಟೆ ದಾಟಿತು, ತೂಕ 100 ಗ್ರಾಂ ಆಸುಪಾಸು.

ವಾದ ಸರಳ. ನಾರು ಇದ್ದರೆ ಮಲ ಜಾಸ್ತಿ, ಬೇಗ ಹೊರಗೆ. ಇಲ್ಲದಿದ್ದರೆ ಕರುಳಿನ ಗೋಡೆಗೆ ಕೆಟ್ಟ ರಾಸಾಯನಿಕಗಳು ಹೆಚ್ಚು ಹೊತ್ತು ತಾಗಿಕೊಂಡಿರುತ್ತವೆ. ಬೆಳಿಗ್ಗೆ ವಾಕಿಂಗ್ ಹೋದಾಗ ಬಯಲಲ್ಲಿ ತೆಗೆದ ಫೋಟೋಗಳನ್ನು ಅವರು ಉಪನ್ಯಾಸದಲ್ಲಿ ದೊಡ್ಡ ಪರದೆ ಮೇಲೆ ತೋರಿಸುತ್ತಿದ್ದರಂತೆ. ಸಭಿಕರ ಪಾಡು ಊಹಿಸಿ.

ಕೊನೆಗೆ ಅವರು ಹೇಳಿದ್ದು ಸರಿಯಾ, ತಪ್ಪಾ?

ಜನ ಒಂದೇ ಪದದ ಉತ್ತರ ಕೇಳುತ್ತಾರೆ. ಕೊಡಲಾರೆ.

ಮೊದಲು ವಾದದ ಸಡಿಲ ಜಾಗಗಳು. ಉಗಾಂಡಾದ ಹಳ್ಳಿಗೂ ಲಂಡನ್ನಿಗೂ ಇರುವ ವ್ಯತ್ಯಾಸ ನಾರು ಒಂದೇ ಅಲ್ಲ. ಮಾಂಸ ಕಡಿಮೆ, ಮೈಮುರಿಯುವ ದುಡಿಮೆ, ತೂಕ ಕಡಿಮೆ. ಕರುಳಿನ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರಿಗೆ ಬರುವುದು, ಅಲ್ಲಿ ಅಷ್ಟು ವಯಸ್ಸು ಬದುಕುವವರೇ ಕಡಿಮೆ. ಆಸ್ಪತ್ರೆಗೆ ಬಾರದ ರೋಗಿ ಲೆಕ್ಕಕ್ಕೂ ಬರುವುದಿಲ್ಲ. ಎರಡು ದೇಶ ಪಕ್ಕ ಪಕ್ಕ ಇಟ್ಟು ನೋಡಿದರೆ ಅನುಮಾನ ಹುಟ್ಟುತ್ತದೆ, ಪುರಾವೆ ಆಗುವುದಿಲ್ಲ.

ಅದಕ್ಕೆ ವ್ಯಕ್ತಿ ವ್ಯಕ್ತಿಯನ್ನೇ ಹಿಂಬಾಲಿಸುವ ಅಧ್ಯಯನಗಳು ಬಂದವು. 1999ರಲ್ಲಿ ಅಮೆರಿಕದ ನರ್ಸ್‌ಗಳ ಅಧ್ಯಯನ ದೊಡ್ಡ ಪೆಟ್ಟು ಕೊಟ್ಟಿತು. 88 ಸಾವಿರಕ್ಕೂ ಹೆಚ್ಚು ಹೆಂಗಸರು, 16 ವರ್ಷ. ನಾರು ಜಾಸ್ತಿ ತಿಂದವರಿಗೆ ಕರುಳಿನ ಕ್ಯಾನ್ಸರ್ ಕಡಿಮೆ ಆಗಿರಲಿಲ್ಲ. ಮಾರನೇ ವರ್ಷ ಎರಡು ಪ್ರಯೋಗಗಳ ಫಲಿತಾಂಶ. ಕರುಳಿನಲ್ಲಿ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ತೆಗೆಸಿಕೊಂಡವರಿಗೆ ಒಂದರಲ್ಲಿ ಗೋಧಿ ತೌಡು ಕೊಟ್ಟರು, ಇನ್ನೊಂದರಲ್ಲಿ ಕೊಬ್ಬು ಕಡಿಮೆ ಮಾಡಿ ನಾರು, ಹಣ್ಣು, ತರಕಾರಿ ಹೆಚ್ಚಿಸಿದರು. ಪಾಲಿಪ್ ಮತ್ತೆ ಬರುವುದು ತಪ್ಪಲಿಲ್ಲ. ಬರ್ಕಿಟ್ ಕಥೆ ಮುಗಿಯಿತು ಅಂತ ಹಲವರು ಬರೆದರು.

2003ರಲ್ಲಿ ಯುರೋಪಿನ 10 ದೇಶಗಳ ಎಪಿಕ್ ಅಧ್ಯಯನ ಬಂತು. ಐದು ಲಕ್ಷಕ್ಕೂ ಹೆಚ್ಚು ಜನ. ಕೇಂಬ್ರಿಜ್‌ನ ಶೀಲಾ ಬಿಂಗಮ್ ಮುಂದೆ ನಿಂತು ಲೆಕ್ಕ ಹಾಕಿದರು. ನಾರು ಅತಿ ಹೆಚ್ಚು ತಿನ್ನುವ ಐದನೇ ಒಂದು ಪಾಲು ಜನರಿಗೆ, ಅತಿ ಕಡಿಮೆ ತಿನ್ನುವವರಿಗಿಂತ ಕ್ಯಾನ್ಸರ್ ಸುಮಾರು ಕಾಲುಭಾಗ ಕಡಿಮೆ. ಹಾಗಾದರೆ ನರ್ಸ್‌ಗಳಲ್ಲಿ ಯಾಕೆ ಕಾಣಲಿಲ್ಲ? ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ತಿನ್ನುವ ಕಡೆ ವ್ಯತ್ಯಾಸ ಹುಡುಕುವುದು ಕಷ್ಟ. ಹತ್ತು ದೇಶದ ತಟ್ಟೆಗಳಲ್ಲಿ ಆ ವ್ಯತ್ಯಾಸ ಇತ್ತು. ಕಳೆದ ವರ್ಷ ಎಷ್ಟು ಬೀನ್ಸ್ ತಿಂದಿರಿ ಅಂತ ಕೇಳಿ ಬರೆದುಕೊಂಡ ಲೆಕ್ಕ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. ನಿನ್ನೆಯ ಊಟವೇ ನನಗೆ ನೆನಪಿರುವುದಿಲ್ಲ. 2011ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಬಂದ ಉತ್ತರ: ದಿನಕ್ಕೆ 10 ಗ್ರಾಂ ನಾರು ಹೆಚ್ಚಾದರೆ ಅಪಾಯ ನೂರಕ್ಕೆ 10ರಷ್ಟು ಕಡಿಮೆ. ಅದರಲ್ಲೂ ಇಡೀ ಧಾನ್ಯದ ನಾರು.

2015ರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಅಮೆರಿಕದ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ 20 ಹಳ್ಳಿಗರು. ಎರಡು ವಾರ ಊಟ ಅದಲು ಬದಲು. ಅಮೆರಿಕದವರಿಗೆ ಮೆಕ್ಕೆಜೋಳದ ಗಂಜಿ, ಕಾಳು. ಹಳ್ಳಿಗರಿಗೆ ಕರಿದದ್ದು, ಮಾಂಸ, ಬಿಳಿ ಬ್ರೆಡ್ಡಿನ ಥರದ್ದು. ಎರಡೇ ವಾರದಲ್ಲಿ ಕರುಳಿನ ಬ್ಯಾಕ್ಟೀರಿಯಾ ಬದಲಾಯಿತು, ಕರುಳಿನ ಒಳಪದರದ ಉರಿಯೂತ ಬದಲಾಯಿತು. ಹಳ್ಳಿ ಊಟ ಉಂಡ ಅಮೆರಿಕನ್ನರಲ್ಲಿ ಬ್ಯೂಟಿರೇಟ್ ಏರಿತು, ನಗರದ ಊಟ ಉಂಡ ಹಳ್ಳಿಗರಲ್ಲಿ ಇಳಿಯಿತು. ನಾರನ್ನು ಬ್ಯಾಕ್ಟೀರಿಯಾ ಹುದುಗಿಸಿದಾಗ ಬರುವ ಈ ವಸ್ತು ಕರುಳಿನ ಗೋಡೆಗೆ ಆಹಾರ.

ಹಾಗಾಗಿ ಬರ್ಕಿಟ್ ಹೇಳಿದ ‘ಪೊರಕೆ’ ಥರದ ಕಾರಣ ಪೂರ್ತಿ ಸರಿಯಲ್ಲ. ನಾರು ಗುಡಿಸಿ ಹಾಕುವುದಷ್ಟೇ ಅಲ್ಲ, ಒಳಗಿನ ಜೀವಿಗಳಿಗೆ ಊಟವೂ ಹೌದು. ಬೆರಳು ತೋರಿದ ದಿಕ್ಕು ಮಾತ್ರ ಸರಿಯಿತ್ತು.

ಮೂಲವ್ಯಾಧಿ, ಅಪೆಂಡಿಕ್ಸ್ ಎಲ್ಲದಕ್ಕೂ ನಾರೇ ಕಾರಣ ಅಂದರಲ್ಲ?

ಅಲ್ಲಿ ಅವರು ಸ್ವಲ್ಪ ಅತಿ ಮಾಡಿದರು. ಉಬ್ಬಿದ ರಕ್ತನಾಳವನ್ನೂ ಅದೇ ಪಟ್ಟಿಗೆ ಸೇರಿಸಿದರು. ಮಲಬದ್ಧತೆಗೆ ನಾರು ಒಳ್ಳೆಯದು, ಅದರಲ್ಲಿ ಜಗಳವಿಲ್ಲ. ಕರುಳಿನ ಗೋಡೆಯಲ್ಲಿ ಸಣ್ಣ ಚೀಲಗಳು ಮೂಡುವ ಡೈವರ್ಟಿಕ್ಯುಲೋಸಿಸ್ ನಾರಿನಿಂದ ತಪ್ಪುತ್ತದೆ ಎಂಬ ಮಾತಿಗೆ 2012ರ ಒಂದು ಕೊಲನೋಸ್ಕೋಪಿ (ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಅಧ್ಯಯನ ಉಲ್ಟಾ ಹೊಡೆಯಿತು.

ಕ್ಯಾನ್ಸರಿನಲ್ಲಿ ಊಟದ ಪಾಲು ಎಷ್ಟು?

ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೋ 1981ರಲ್ಲಿ ಅಮೆರಿಕದ ಕ್ಯಾನ್ಸರ್ ಸಾವುಗಳಿಗೆ ಒಂದು ಅಂದಾಜು ಕೊಟ್ಟರು. ತಂಬಾಕಿನ ಪಾಲು ನೂರಕ್ಕೆ 30. ಊಟದ್ದು 35. ಈ 35 ಬಹಳ ಪ್ರಸಿದ್ಧ. ಪಕ್ಕದಲ್ಲೇ ಅವರು 10ರಿಂದ 70ರವರೆಗೆ ಇರಬಹುದು ಅಂತ ಬರೆದದ್ದನ್ನು ಯಾರೂ ಹೇಳುವುದಿಲ್ಲ. ತಂಬಾಕಿನ ಲೆಕ್ಕ ಗಟ್ಟಿ, ಊಟದ ಲೆಕ್ಕ ನೀರು ನೀರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್, ಬೇಕನ್ ಥರದ ಸಂಸ್ಕರಿಸಿದ ಮಾಂಸವನ್ನು ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಗೆ ಹಾಕಿತು. ಸಿಗರೇಟೂ ಅದೇ ಪಟ್ಟಿಯಲ್ಲಿದೆ. ಹಾಗಂತ ಎರಡರ ಅಪಾಯ ಸಮ ಅಲ್ಲ. ಆ ಪಟ್ಟಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಏಟು ಎಷ್ಟು ಜೋರು ಅಂತಲ್ಲ. ನಮ್ಮ ಅಡಿಕೆಯೂ ಅದೇ ಪಟ್ಟಿಯಲ್ಲಿದೆ, ತಂಬಾಕು ಸೇರಿಸದಿದ್ದರೂ. ಮಲೆನಾಡಿನ ಕಡೆ ಈ ಮಾತು ಹೇಳಿ ಊಟ ಮುಗಿಸಿ ಬರುವುದು ಕಷ್ಟ.

ಹಾಗಾದರೆ ಮುದ್ದೆ ತಿಂದರೆ ಸಾಕಾ?

ಮುದ್ದೆ ಒಳ್ಳೆಯದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು. ಜೋಳಕ್ಕೆ ಸುಮಾರು 10. ಪಾಲಿಶ್ ಮಾಡಿದ ಅಕ್ಕಿಗೆ 3 ಗ್ರಾಂ ಕೂಡ ಇಲ್ಲ. ರಾಗಿ ಅಭಿಮಾನಿಗಳಿಗೆ ಬೇಸರವಾಗಬಹುದು, ಜರಡಿ ಹಿಡಿಯದ ಗೋಧಿ ಹಿಟ್ಟಿಗೂ ಸುಮಾರು 11. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುದ್ದೆಗೆ ಸೊಪ್ಪಿನ ಬಸ್ಸಾರು, ಹುರುಳಿಕಾಳೋ ಅವರೆಕಾಳೋ ಸೇರಿದರೆ ಅದು ಕಷ್ಟವಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮತ್ತೆ ಬಿಳಿ ಅನ್ನ ಅಂದರೆ ಕಷ್ಟ.

ಅವರ ಮೇಲೆ ಟೀಕೆ ಇಲ್ಲವಾ?

ಇದೆ, ಇರಲೂ ಬೇಕು. ಅವರ ಮ್ಯಾಪು ಆಸ್ಪತ್ರೆ ಇದ್ದ ಕಡೆಯ ಮ್ಯಾಪು. ವಸಾಹತು ಸರ್ಕಾರ, ಮಿಷನರಿಗಳು ಎಲ್ಲಿ ಕಟ್ಟಡ ಕಟ್ಟಿದ್ದರೋ ಅಲ್ಲಿಂದ ಮಾತ್ರ ಸುದ್ದಿ ಬರುತ್ತಿತ್ತು. ಮಕ್ಕಳ ಗಡ್ಡೆ ಲಂಡನ್ನಿಗೆ ಹೋಯಿತು, ಹೆಸರು ಲಂಡನ್ನಿನಲ್ಲಿ ಆಯಿತು. ಕಂಪಾಲಾದಲ್ಲೇ ಮೆಂಗೋ ಆಸ್ಪತ್ರೆಯ ಆಲ್ಬರ್ಟ್ ಕುಕ್ 20ನೇ ಶತಮಾನದ ಶುರುವಿನಲ್ಲೇ ಇಂಥ ದವಡೆ ಗಡ್ಡೆಗಳನ್ನು ಬರೆದಿಟ್ಟಿದ್ದರು. ಊರಿನ ತಾಯಂದಿರಂತೂ ಅದಕ್ಕಿಂತ ಮೊದಲೇ ನೋಡಿರುತ್ತಾರೆ. ಮರೆಯಬಾರದ ಇನ್ನೊಂದು ವಿಷಯ: ರೇಡಿಯೋಥೆರಪಿ ಇಲ್ಲದ ಕಂಪಾಲಾದಲ್ಲಿ ಅವರು ಮೆಥೋಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್ ಥರದ ಔಷಧಿ ಕೊಟ್ಟು ನೋಡಿದರು. ಕೆಲವು ಮಕ್ಕಳ ಗಡ್ಡೆ ದಿನಗಳಲ್ಲಿ ಕರಗಿತು. ಒಂದೆರಡು ಡೋಸಿಗೇ ಪೂರ್ತಿ ಗುಣವಾದ ಮಕ್ಕಳೂ ಇದ್ದರು. ಬರೀ ಔಷಧಿಯಿಂದ ಕ್ಯಾನ್ಸರ್ ವಾಸಿಯಾಗಬಹುದು ಎಂಬುದನ್ನು ಜಗತ್ತು ಇನ್ನೂ ನಂಬದಿದ್ದ ಕಾಲ ಅದು.

ಇಂಥ ಕೆಲಸ ನಮ್ಮಲ್ಲಿ ಯಾರು ಮಾಡುತ್ತಾರೆ? ನಾನೂ ಮಾಡಬಹುದಾ?

ಸರ್ಜನ್ ಆಗಲೇಬೇಕಿಲ್ಲ. ಸಾರ್ವಜನಿಕ ಆರೋಗ್ಯ, ಸಂಖ್ಯಾಶಾಸ್ತ್ರ, ಪೋಷಣೆ ಓದಿದವರೂ ಬರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರ ದಶಕದ ಶುರುವಿನಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ, ಇಡೀ ಊರಿನ ಲೆಕ್ಕ ಇಡಲು ಮೊದಲು ಆರಿಸಿದ ಮೂರು ನಗರಗಳಲ್ಲಿ ಬೆಂಗಳೂರು ಒಂದು. ಆ ಕೆಲಸ ಕಿದ್ವಾಯಿ ಆಸ್ಪತ್ರೆಯಲ್ಲಿ ನಡೆಯುತ್ತದೆ. ದೇಶದ ಲೆಕ್ಕವೆಲ್ಲ ಬಂದು ಸೇರುವ ಸಂಸ್ಥೆಯೂ ಬೆಂಗಳೂರಿನಲ್ಲೇ ಇದೆ.

ಕೆಲಸದ ಬಹುಪಾಲು ಹಳೇ ಕಾರಿನ ಸಾಹಸದ ಹಾಗೆ ಇರುವುದಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ, ಮರಣ ನೋಂದಣಿ ಕಚೇರಿಗೆ ಹೋಗಿ ಕೇಸ್ ಫೈಲು ಓದಿ ಬರೆದುಕೊಳ್ಳುವುದು. ಒಬ್ಬರೇ ಮೂರು ಆಸ್ಪತ್ರೆಗೆ ಹೋಗಿದ್ದರೆ ಮೂರು ಸಲ ಎಣಿಸದಂತೆ ನೋಡಿಕೊಳ್ಳುವುದು. ರೋಗಿಗೆ ವಿಚಿತ್ರ ಅನ್ನಿಸುವ ಒಂದು ಪ್ರಶ್ನೆ ಕೇಳುವುದು: ಬೆಂಗಳೂರಿಗೆ ಬಂದು ಎಷ್ಟು ದಿನ ಆಯಿತು? ಚಿಕಿತ್ಸೆಗೆ ಅಂತ ರಾಯಚೂರಿನಿಂದ ಹೋದ ವಾರ ಬಂದವರನ್ನು ಬೆಂಗಳೂರಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಕನಿಷ್ಠ ಒಂದು ವರ್ಷ ಇಲ್ಲೇ ವಾಸ ಇದ್ದಿರಬೇಕು.